ಕೈಯ ಉಪ್ಪು

ಅನಘಳಿಗೆ ಎಂಟು ತಿಂಗಳು ತುಂಬುತ್ತ ಬಂದಿದ್ದರೂ, ಬಾಣಂತನಕ್ಕೆ ತವರಿಗೆ ಬರುತ್ತೇನೆ ಎಂದು ಅವಳು ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ. ಬರುವುದಿಲ್ಲ ಎಂದೂ ಹೇಳಿರಲಿಲ್ಲ. ಕೇಳಿದಾಗಲೆಲ್ಲ “ನೋಡುವಾ ಅಮ್ಮ” ಎನ್ನುತ್ತಿದ್ದಳು. ಆ ಒಂದು “ನೋಡುವಾ” ಎಂಬ ಮಾತನ್ನೇ ನೆಚ್ಚಿಕೊಂಡು ಸುಗುಣಾ ಡೊಂಬಿವಲಿಯ ತನ್ನ ಮನೆಯ ಹಿಂದಿನ ಕೋಣೆಯನ್ನು ಖಾಲಿ ಮಾಡಿಸಿದ್ದಳು. ಹಳೆಯ ಹತ್ತಿ ಸೀರೆಗಳನ್ನು ಕುದಿನೀರಿನಲ್ಲಿ ಒಗೆದು, ಮಗುವಿಗೆ ಸುತ್ತುವ ಅಳತೆಗೆ ಹರಿದು ಮಡಚಿಟ್ಟಿದ್ದಳು. ಉಡುಪಿಯಿಂದ ಬರುವ ಬಸ್ಸಿನಲ್ಲಿ ಗಾಣದ ತೆಂಗಿನೆಣ್ಣೆ ತರಿಸಿದ್ದಳು. ಲೇಹ್ಯಕ್ಕೆ ಬೇಕಾದ ಜೀರಿಗೆ, ಕಾಳುಮೆಣಸು, ಓಲೆಬೆಲ್ಲ ಎಲ್ಲವೂ ಡಬ್ಬಿಗಳಲ್ಲಿ ತುಂಬಿದ್ದವು. ಇದನ್ನೆಲ್ಲ ಅವಳು ಮಗಳಿಗೆ ಹೇಳಿರಲಿಲ್ಲ. ಹೇಳಿದರೆ ಒತ್ತಾಯ ಮಾಡಿದ ಹಾಗಾಗುತ್ತದೆ, ಒತ್ತಾಯ ಮಾಡಿದರೆ “ಬೇಡ” ಎಂಬ ಉತ್ತರ ಬಂದುಬಿಡುತ್ತದೆ ಎಂಬ ಭಯ.

ಹಾಗಿರುವಾಗ ಐರೋಲಿಯ ಗಂಡನ ಮನೆಗೆ ಬಣ್ಣ ಹೊಡೆಯುತ್ತಿದ್ದಾರೆ, ವಾಸನೆಗೆ ತಲೆ ಸಿಡಿಯುತ್ತದೆ ಎಂದು ಅನಘ ನಾಲ್ಕು ದಿನದ ಮಟ್ಟಿಗೆ ಬಂದಳು. ಅಳಿಯ ವಿಕಾಸ್ ಅವಳನ್ನು ಬಿಟ್ಟು ಹಾಗೆಯೇ ಡ್ಯೂಟಿಗೆ ಹೋದ. ಬಟ್ಟೆಯ ಚೀಲ ಅಂಗೈಯಗಲದ್ದು. ಗಿಟಾರಿನ ಚೀಲ ಮಾತ್ರ ಬಾಗಿಲಲ್ಲಿ ಸಿಕ್ಕಿಕೊಳ್ಳುವಷ್ಟಿತ್ತು.

“ಬಸುರಿ ಹೆಂಗಸು ಹೊತ್ತುಕೊಂಡು ಬರುವ ಸಾಮಾನಾ ಇದು?” ಎಂದ ಸುಗುಣಾಳ ಗಂಡ ಯಜ್ಞೇಶ್ವರ. ಅವನು ಕೋಪರಿಯ ಒಂದು ಶಾಕಾಹಾರಿ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂತುಕೊಳ್ಳುವವನು. ಆ ಹೊತ್ತು ಚಪ್ಪಲಿ ಮೆಟ್ಟಿ ಹೊರಟು ನಿಂತಿದ್ದ.

“ನಾನೆಲ್ಲಿ ಹೊತ್ತೆ ಅಪ್ಪ, ವಿಕಾಸ್ ಹೊತ್ತದ್ದು. ನಾನು ಹೊತ್ತದ್ದು ಇದೊಂದೇ” ಎಂದು ಅನಘ ಹೊಟ್ಟೆ ತಟ್ಟಿಕೊಂಡಳು.

ಯಜ್ಞೇಶ್ವರ ನಗುತ್ತ ಮಗಳ ತಲೆಯ ಮೇಲೆ ಕೈಯಿಟ್ಟು ಹೋದ. ಸುಗುಣಾಳೂ ನಕ್ಕಳು. ಕೈಯನ್ನು ಸೆರಗಿಗೆ ಒರೆಸಿಕೊಂಡು ಚಹಾ ಮಾಡಲು ಒಳಗೆ ಹೋದಳು.

ಅನಘ ಠಾಣೆಯ ಒಂದು ಸಂಗೀತದ ಕ್ಲಾಸಿನಲ್ಲಿ ಮಕ್ಕಳಿಗೆ ಗಿಟಾರ್ ಕಲಿಸುತ್ತಿದ್ದಳು. ಬೆಳಿಗ್ಗೆ ಗದ್ದಲ ಇಳಿದ ಮೇಲಿನ ಲೋಕಲಿನಲ್ಲಿ ಹೋಗಿ ಸಂಜೆಗೆ ಮರಳುವಳು. ತನ್ನ ವಾದ್ಯವನ್ನು ರೈಲಿಗೆ ಒಯ್ಯುತ್ತಿರಲಿಲ್ಲ. ಮನೆಯಲ್ಲಿ ಮಾತ್ರ, ಬಂದು ಕಾಲು ತೊಳೆದುಕೊಂಡು, ದಿವಾನದ ಮೇಲೆ ಒರಗಿ ಅದನ್ನು ಎತ್ತಿಕೊಳ್ಳುವಳು. ಹೊಟ್ಟೆ ಅಡ್ಡ ಬರುವುದರಿಂದ ಗಿಟಾರನ್ನು ಓರೆಯಾಗಿ, ಸೊಂಟಕ್ಕೆ ಬಿಂದಿಗೆ ಇಟ್ಟುಕೊಂಡ ಹಾಗೆ ಹಿಡಿಯುತ್ತಿದ್ದಳು. ಅಡುಗೆಮನೆಯ ಬಾಗಿಲಲ್ಲಿ ನಿಂತು ಸುಗುಣಾ ಕೇಳುತ್ತಿದ್ದಳು. ಹತ್ತಿರ ಹೋಗಿ ಕೂತರೆ ಮಗಳಿಗೆ ಸಂಕೋಚವಾದೀತು ಎಂದು ಅವಳ ಎಣಿಕೆ. ನಿಂತೇ ಕೇಳುವುದನ್ನು ಮಗಳು ಏನೆಂದು ತಿಳಿದಿದ್ದಾಳೋ, ಅದನ್ನು ಅವಳು ಯೋಚಿಸಿರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಗುಡಿಸುವಾಗ ಸುಗುಣಾ ಗಿಟಾರನ್ನು ನೋಡಿ ನಿಂತುಬಿಟ್ಟಳು. ತಂತಿಗಳು ಕಪ್ಪಾಗಿದ್ದವು. ದಪ್ಪದ ನಾಲ್ಕು ತಂತಿಗಳು ಹಿತ್ತಾಳೆಯ ಬಣ್ಣದವು. ಅವುಗಳ ಮೇಲೆ ಅಲ್ಲಲ್ಲಿ ಮಸಿ ತಾಗಿದ ಹಾಗೆ ಕಲೆ. ಕೊನೆಯ ಎರಡು ಸಪೂರ ತಂತಿಗಳ ಬೆಳ್ಳಿ ಹೊಳಪು ಸತ್ತು ಬೂದಿಯಾಗಿತ್ತು. ಹಿಂದಿನ ದಿನ ದಿವಾನದ ಚಾದರ ಬದಲಿಸುವಾಗ ಅದನ್ನು ಎತ್ತಿ ಮೂಲೆಗೆ ಒರಗಿಸಿದವಳು ಅವಳೇ. ಕುತ್ತಿಗೆಯನ್ನು ತಂತಿಗಳ ಸಮೇತ ಮುಷ್ಟಿಯಲ್ಲಿ ಹಿಡಿದಿದ್ದಳು.

ಈ ಮನೆಯಲ್ಲಿ ಸುಗುಣಾಳ ಕೈಗೆ ಒಂದು ಹೆಸರಿತ್ತು. ಮದುವೆಯಾಗಿ ಬಂದ ವರ್ಷ ಅಷ್ಟಮಿಗೆ ಮೊದಲು ಅತ್ತೆ ವನಮಾಲಮ್ಮ ಪೂಜೆಯ ಬೆಳ್ಳಿ ಸಾಮಾನನ್ನು ಅವಳಿಗೆ ಬೆಳಗಲು ಕೊಟ್ಟಿದ್ದರು. ಕನ್ನಡಿಯ ಹಾಗೆ ಬೆಳಗಿ ಇಟ್ಟಳು. ಮರುದಿನ ನೋಡಿದರೆ ಪಂಚಪಾತ್ರೆಯ ಮೇಲೆ, ದೀಪದ ಕಂಬದ ಮೇಲೆ ಅವಳ ಬೆರಳಿನ ಗುರುತುಗಳೆಲ್ಲ ಕಪ್ಪಾಗಿ ಎದ್ದಿದ್ದವು. “ಎಂಥಾ ಕೈ ಮಾರಾಯ್ತಿ ನಿನ್ನದು!” ಎಂದು ಅತ್ತೆ ನಕ್ಕಿದ್ದರು. ಅದು ನಿಜವಾದ ನಗುವೇ. ಆಮೇಲೆ ಅವಳು ಕಲಸಿದ ಮಾವಿನ ಮಿಡಿಗೆ ಬೂಷ್ಟು ಬಂತು. ಸುಗುಣಾಳ ಕೈ ಉಪ್ಪಿನಕಾಯಿಗೆ ಆಗುವುದಿಲ್ಲ ಎಂದು ತೀರ್ಮಾನವಾಯಿತು. ಊರಲ್ಲಿಯೂ ಅಂಥ ಹೆಂಗಸರು ಇದ್ದರು. ಅದರಲ್ಲಿ ನಾಚುವಂಥದ್ದೇನೂ ಇರಲಿಲ್ಲ. ಬೇರೆಯವರು ಕಲಸುತ್ತಾರೆ, ಅಷ್ಟೇ.

ಆಮೇಲೆ ಚೊಚ್ಚಲ ಗಂಡುಮಗು ಹುಟ್ಟಿತು. ಹುಟ್ಟಿ ಮೈ ಹಳದಿಗೆ ತಿರುಗಿ, ಪುಣ್ಯಾಹಕ್ಕೆ ಮೊದಲೇ ಹೋಯಿತು. ಹೆಸರೂ ಇಟ್ಟಿರಲಿಲ್ಲ. ಮಗುವಿನ ಬಟ್ಟೆಬರೆಯನ್ನು ಗಂಟು ಕಟ್ಟುವಾಗ ವನಮಾಲಮ್ಮನ ಕೈಗೆ ಹಾಲು ಕುಡಿಸುವ ಬೆಳ್ಳಿಯ ಒಳಲೆ ಸಿಕ್ಕಿತು. ಅದರ ಸುತ್ತ ಸುಗುಣಾಳ ಬೆರಳುಗಳು ಕಪ್ಪಗೆ ಮೂಡಿದ್ದವು. ಅತ್ತೆ ಅದನ್ನು ನೋಡಿದರು, ಸೊಸೆಯ ಕಡೆಗೆ ನೋಡಲಿಲ್ಲ. ಬಟ್ಟೆಯಲ್ಲಿ ಸುತ್ತಿ ಒಳಗೆ ಹೋದರು. ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಸುಗುಣಾ ಜಗಳ ತೆಗೆಯುತ್ತಿದ್ದಳೋ ಏನೋ.

ಅನಘ ಹುಟ್ಟಿದಾಗ ಉಡುಪಿಯಲ್ಲಿ ಬಾಣಂತನ ಮಾಡಲು ಸುಗುಣಾಳ ತಾಯಿ ಬದುಕಿರಲಿಲ್ಲ. ವನಮಾಲಮ್ಮನೇ ಮಾಡಿದರು. “ನೀನು ಬೇಡ, ನಾನು ಮೀಯಿಸ್ತೇನೆ” ಎಂದರು ಮೊದಲ ದಿನ. ಸುಗುಣಾ ಮಗುವನ್ನು ತಟಕ್ಕನೆ ಅವರ ಕೈಗೆ ಕೊಟ್ಟಳು. ಕೊಟ್ಟಾಗ ಅವಳಿಗಾದದ್ದು ದುಃಖವಲ್ಲ, ಬಿಡುಗಡೆ. ಹಾಲೂಡುವಾಗ ಮಾತ್ರ ಮಗು ಅವಳದು. ಅದು ಮುಗಿದ ಕೂಡಲೇ ಅಂಗೈ ಬೆವರುತ್ತಿತ್ತು, ಬೆವರಿದ ಕೂಡಲೇ ಹೆದರಿಕೆ, ಹೆದರಿಕೆಗೆ ಇನ್ನಷ್ಟು ಬೆವರು. ಎಣ್ಣೆ ಹಚ್ಚುವುದು, ಕಾಡಿಗೆ ಇಡುವುದು, ಮುಂದೆ ಜಡೆ ಹೆಣೆಯುವುದು, ಜ್ವರ ಬಂದಾಗ ಹಣೆಗೆ ಬಟ್ಟೆ ಹಾಕುವುದು ಎಲ್ಲವೂ ಅಜ್ಜಿಯ ಪಾಲಾಯಿತು. ಸುಗುಣಾ ಅಡುಗೆ ಮಾಡಿದಳು, ಡಬ್ಬಿ ಕಟ್ಟಿದಳು, ಫೀಸು ಕಟ್ಟಲು ಸಾಲಿನಲ್ಲಿ ನಿಂತಳು. ಮಗಳು ದುಂಡಗೆ ಬೆಳೆದಳು. ನೋಡು, ನಾನು ಮುಟ್ಟದೇ ಇದ್ದದ್ದಕ್ಕೆ ಉಳಿಯಿತು ಎಂದು ಅವಳು ಒಳಗೊಳಗೇ ದೇವರಿಗೆ ಕೈಮುಗಿದಳು.

ಈಗ ಮಗಳ ತಂತಿಗಳು ಕಪ್ಪಾಗಿದ್ದವು.

ಬಾಣಂತನಕ್ಕೆ ಬರುತ್ತೇನೆ ಎನ್ನಲು ಮಗಳು ಹಿಂದೆ ಮುಂದೆ ನೋಡುತ್ತಿರುವಾಗಲೇ ಇದಾಗಬೇಕೇ? ಸುಗುಣಾ ಸೆರಗು ಸಿಕ್ಕಿಸಿಕೊಂಡಳು. ಹಿತ್ತಾಳೆ ಕಪ್ಪಾದರೆ ಏನು ಮಾಡಬೇಕೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹುಣಸೆಹುಳಿ ನೆನೆಹಾಕಿ, ಚಿಟಿಕೆ ಉಪ್ಪು ಬೆರೆಸಿ, ಬೆರಳು ತಾಗದಂತೆ ತೆಂಗಿನ ನಾರನ್ನು ಅದರಲ್ಲಿ ಅದ್ದಿ ಒಂದೊಂದೇ ತಂತಿಯನ್ನು ತಿಕ್ಕಿದಳು. ದಪ್ಪ ತಂತಿಗಳು ಕೆಂಪಗೆ, ಹಬ್ಬದ ದಿನದ ದೀಪಗಳ ಹಾಗೆ ಬೆಳಗಿದವು. ಅವಳಿಗೆ ಉಸಿರು ಬಂದಂತಾಯಿತು. ಒದ್ದೆ ಬಟ್ಟೆಯಲ್ಲಿ ಒರೆಸಿ, ಇದ್ದ ಜಾಗದಲ್ಲೇ ಇಟ್ಟಳು.

ಸಂಜೆ ಅನಘ ಬಂದು ಗಿಟಾರ್ ಎತ್ತಿಕೊಂಡವಳು ಮೂಗು ಅರಳಿಸಿದಳು.

“ಅಮ್ಮಾ! ಇದೆಂತ ಮಾಡಿದ್ದಿ? ಸಾರಿನ ವಾಸನೆ ಬರ್ತಾ ಉಂಟು!”

ಸುಗುಣಾ ಬಾಗಿಲಿಗೆ ಬಂದಳು. ಸಪೂರ ತಂತಿಗಳೆರಡೂ ಕೊನೆಯಿಂದ ಕೊನೆಯವರೆಗೆ ಕಿತ್ತಳೆ ಬಣ್ಣದ ತುಕ್ಕು ಹಿಡಿದು ಒರಟಾಗಿದ್ದವು.

“ಕಪ್ಪಾಗಿತ್ತು ಮಗಾ... ನಿನ್ನೆ ತೆಗೆದಿಡುವಾಗ ನನ್ನ ಕೈ ತಾಗಿತ್ತು. ಹಿತ್ತಾಳೆ ಅಲ್ವಾ ಅಂತ...”

“ಹಿತ್ತಾಳೆ ಅಂತ ಹುಳಿ ಹಾಕಿ ತಿಕ್ಕಿದ್ದಿಯಾ? ಉಪ್ಪು?”

“ಸ್ವಲ್ಪ.”

ಅನಘ ದಿವಾನದ ಮೇಲೆ ಕುಸಿದು ಕೂತಳು. ಬೈಯುತ್ತಾಳೆಂದು ಸುಗುಣಾ ಕಾದಿದ್ದರೆ, ಅವಳು ಹೊಟ್ಟೆ ಕುಲುಕುವ ಹಾಗೆ ನಗತೊಡಗಿದಳು. “ಅರೇ ಯಾರ್! ಹುಳಿ, ಉಪ್ಪು ಎಲ್ಲ ಬಿದ್ದಿದೆ. ಒಗ್ಗರಣೆ ಒಂದು ಯಾಕೆ ಬಾಕಿ ಇಟ್ಟದ್ದು?”

“ನನ್ನ ಕೈ ತಾಗಿಯೇ ಕಪ್ಪಾದದ್ದು” ಎಂದಳು ಸುಗುಣಾ ಮತ್ತೆ.

“ಛೋಡ್ ನಾ ಅಮ್ಮ. ಒಂದು ಸಲ ಮುಟ್ಟಿದ್ರೆ ಎಲ್ಲಾದ್ರೂ ಕಪ್ಪಾಗ್ತದಾ? ಅದು ನನ್ನ ಕೈ. ಇಲ್ಲಿ ನೋಡು, ಕುತ್ತಿಗೆಯ ಈ ಪಟ್ಟಿಗಳ ನಡುವೆ ನಾನು ಬೆರಳು ಒತ್ತುವುದು. ಇಲ್ಲಿ ಮಾತ್ರ ಕಪ್ಪು ಇದ್ದದ್ದು. ಬೆರಳು ತಾಗದ ಕಡೆ ಹೊಳೀತಾನೇ ಇತ್ತು. ಕೆಲವರ ಬೆವರಲ್ಲಿ ಉಪ್ಪು ಜಾಸ್ತಿ, ಆಸಿಡ್ ಜಾಸ್ತಿ. ಉಳಿದವರಿಗೆ ತಿಂಗಳುಗಟ್ಟಲೆ ಬರುವ ತಂತಿ ನನ್ನ ಕೈಯಲ್ಲಿ ಬೇಗ ಸಾಯ್ತದೆ. ನಮ್ಮ ಸರ್ ತಮಾಷೆ ಮಾಡ್ತಿದ್ರು, ತುಝಾ ಹಾತ್ ಮ್ಹಣ್ಜೆ ಠಾಣ್ಯಾಚೀ ಖಾಡಿ, ನಿನ್ನ ಕೈ ಅಂದ್ರೆ ಠಾಣೆಯ ಖಾಡಿ, ಸಮುದ್ರದ ಉಪ್ಪು ಹಿನ್ನೀರು ಅಂತ. ಬಾರಿಸಿ ಆದ್ಮೇಲೆ ಒಣಬಟ್ಟೆಯಲ್ಲಿ ಒರೆಸಬೇಕು, ಅಷ್ಟೇ. ಈಗ ಈ ಹೊಟ್ಟೆ ಹೊತ್ತು ಬಗ್ಗಲಿಕ್ಕೆ ಉದಾಸೀನ, ಒರೆಸ್ಲಿಲ್ಲ.”

“ಅಷ್ಟೇಯಾ?”

“ಮತ್ತೆಂತ? ಬೆವರು. ಮಂತ್ರ ಮಾಟ ಅಂತ ಮಾಡಿದ್ದಿಯಾ?” ಅನಘ ತನ್ನ ಅಂಗೈಯನ್ನು ದೀಪಕ್ಕೆ ಹಿಡಿದಳು. ಅದು ನಿಜವಾಗಿಯೂ ಪಸೆಪಸೆಯಾಗಿ ಮಿನುಗುತ್ತಿತ್ತು. “ಇದು ನಿನ್ನಿಂದಲೇ ಬಂದಿರಬೇಕು. ಅಪ್ಪನ ಕೈ ಹಪ್ಪಳದ ಹಾಗೆ ಒಣಗಿರ್ತದೆ. ಎಲ್ಲಿ, ನಿನ್ನದು ಕೊಡು ನೋಡುವಾ.”

ಅವಳು ಕೈ ಚಾಚಿದಳು.

ಸುಗುಣಾಳ ಕೈ ಹಿಂದಕ್ಕೆ ಹೋಯಿತು. ಅವಳು ಹಿಂದೆ ತೆಗೆದುಕೊಂಡಳು ಎನ್ನುವುದು ತಪ್ಪು. ಬಿಸಿ ಪಾತ್ರೆಯಿಂದ ಹೋಗುವ ಹಾಗೆ ಅದಾಗಿಯೇ ಹೋಗಿ ಸೆರಗಿನಲ್ಲಿ ಹುದುಗಿತು. ಅನಘಳ ಅಂಗೈ ಒಂದು ಕ್ಷಣ ಗಾಳಿಯಲ್ಲಿ ಹಾಗೇ ಇತ್ತು. ಆಮೇಲೆ ಅವಳು ಅದನ್ನು ಮಡಚಿ, ಚೀಲದಿಂದ ಇಕ್ಕಳ ತೆಗೆದಳು. ಮುಖದ ನಗು ಮುಚ್ಚಿಕೊಂಡಿತ್ತು.

“ಹೊಸ ತಂತಿ ಉಂಟು. ಬದಲಿಸ್ತೇನೆ” ಎಂದಳು.

ಗಿಟಾರಿನ ಕಿವಿ ತಿರುಗಿಸಿ ಒಂದೊಂದೇ ತಂತಿಯನ್ನು ಸಡಿಲ ಮಾಡಿದಳು. ಬಿಗಿ ತಪ್ಪಿದಾಗ ತಂತಿ ನರಳುವ ಹಾಗೆ ಸ್ವರ ಇಳಿಸುತ್ತಿತ್ತು. ಕತ್ತರಿಸಿದ ಹಳೆಯದನ್ನು ಸುರುಳಿ ಸುತ್ತಿ ಪಕ್ಕಕ್ಕಿಟ್ಟಳು. ಸುಗುಣಾ ಹೋಗಲೂ ಇಲ್ಲ, ಕೂರಲೂ ಇಲ್ಲ. ಮೂರನೆಯ ತಂತಿ ಕಳಚುತ್ತಿರುವಾಗ, ತಲೆ ಎತ್ತದೆ, ಅನಘ ಹೇಳಿದಳು.

“ಅಮ್ಮ, ನಾನು ಬಾಣಂತನಕ್ಕೆ ಇಲ್ಲಿಗೆ ಬರುವುದಿಲ್ಲ. ಐರೋಲಿಯಲ್ಲೇ. ರಬಾಳೆಯಿಂದ ಒಬ್ಬರು ಬರ್ತಾರೆ, ಚಂಪಾ ಅಂತ. ಮೀಯಿಸುವುದು, ಎಣ್ಣೆ ತಿಕ್ಕುವುದು, ಎಲ್ಲ ಅವರೇ. ಮಾತಾಡಿ ಆಗಿದೆ.”

ಸುಗುಣಾ ಈಗ ಕೂತಳು. “ಮೊದಲನೆಯದ್ದು ತವರಿನದ್ದಲ್ವಾ ಮಗಾ... ನಾನಿಲ್ವಾ?”

“ನೀನು ಇರ್ತಿ. ಯಾವಾಗ್ಲೂ ಇರ್ತಿ. ಬಾಗಿಲಲ್ಲಿ ನಿಂತಿರ್ತಿ.” ಅನಘಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆಚ್ಚು ಕಷ್ಟವಾಗಿತ್ತು. “ನನಗೆ ಟೈಫಾಯ್ಡ್ ಆದಾಗ ಅಜ್ಜಿ ಹಣೆ ಹಿಡ್ಕೊಂಡು ಕೂತಿದ್ರು. ನೀನು ಬಟ್ಟೆ ಹಿಂಡಿ ಹಿಂಡಿ ಅಜ್ಜಿ ಕೈಗೆ ಕೊಡ್ತಿದ್ದಿ. ನೀನು ಬಂದು ಕೂತ್ಕೋ ಅಂತ ನಾನು ಕರೆದೆ. ಅಡುಗೆ ಉಂಟು ಅಂದಿ. ಅಜ್ಜಿ ಸತ್ತ ದಿನ ನಾನು ಅಪ್ಪನ ಹತ್ರ ಹೋಗಿ ಅತ್ತದ್ದು. ನಿನಗೆ ಮುಟ್ಟಿಸ್ಕೊಳ್ಳುವುದು ಇಷ್ಟ ಇಲ್ಲ ಅಂತ ನನಗೆ ಗೊತ್ತು ಅಮ್ಮ. ಇರ್ಲಿ, ಕೆಲವರು ಹಾಗೆ. ಆದ್ರೆ ಈಗ ನನ್ನ ಮೈ ನೋಯ್ತದೆ, ನನಗೆ ಯಾರಾದ್ರೂ ಮುಟ್ಟುವವರು ಬೇಕು.”

ಸುಗುಣಾಳ ಮಾತು ಮೊದಲಿಂದ ಬರಲಿಲ್ಲ, ನಡುವಿನಿಂದ ಬಂತು. ಒಳಲೆಯ ಮೇಲಿನ ಕಲೆ, ಹಳದಿಯಾದ ಮಗು, ಬೆಳ್ಳಿ ಸಾಮಾನು, ಮತ್ತೆ ಒಳಲೆ. ತನ್ನ ಕೈ ಆಗುವುದಿಲ್ಲ ಎಂಬುದು.

“ಅಜ್ಜಿ ಹಾಗೆ ಹೇಳಿದ್ರಾ?”

“ಇಲ್ಲ. ಅವರು ಹೇಳ್ಲಿಲ್ಲ. ನಾನೇ ಕೇಳಿಸ್ಕೊಂಡೆ.”

“ಅಣ್ಣನಿಗೆ ಕಾಮಾಲೆ ಆದದ್ದು ಅಂತ ಅಪ್ಪ ಹೇಳ್ತಾರಲ್ಲ. ಡಾಕ್ಟರೇ ಹೇಳಿದ್ದು. ನೀನು ಬಿ.ಎ. ಓದಿದವಳು!”

“ಓದಿದ್ದೆ.”

“ಸರಿ, ಹಾಗಾದ್ರೆ ನಂದೂ ಅದೇ ಕೈ. ನಾನು ಮುಟ್ಟಿದ್ದೂ ಕಪ್ಪಾಗ್ತದೆ. ನಾಳೆ ನನ್ನ ಮಗುವನ್ನ ನಾನೂ ಮುಟ್ಟಬಾರದಾ?”

“ಥೂ! ಬಿಡ್ತು ಅನ್ನು!” ಸುಗುಣಾ ಹೆಚ್ಚುಕಡಿಮೆ ಕಿರುಚಿದಳು. “ಎಂಥಾ ಮಾತದು? ತಾಯಿ ಮುಟ್ಟಿದ್ರೆ ಮಗುವಿಗೆ ಎಂತ ಆಗ್ತದೆ?”

ಹೇಳಿ ಮುಗಿಸಿದವಳು ತಾನು ಹೇಳಿದ್ದನ್ನು ಕೇಳಿಸಿಕೊಂಡಳು. ಹೊರಗೆ ಸೊಸೈಟಿಯ ಮಕ್ಕಳು ಹಾರಿಸಿದ ಚೆಂಡು ಯಾರದೋ ಕಿಟಕಿಗೆ ಬಡಿದು, ಒಬ್ಬಳು ಹೆಂಗಸು ಮರಾಠಿಯಲ್ಲಿ ಬೈಯುತ್ತಿದ್ದಳು.

ಆ ಬೈಗುಳ ಮುಗಿದ ಮೇಲೆ ಸುಗುಣಾ ತನ್ನ ಬಲಗೈಯನ್ನು ಸೆರಗಿನಿಂದ ಹೊರಗೆ ತೆಗೆದಳು. ಒರೆಸಿಕೊಳ್ಳದೆಯೇ ಮಗಳ ಮೊಣಕಾಲಿನ ಮೇಲಿಟ್ಟಳು. ಅನಘಳ ಕಾಲು ಬಿಗಿಯಾಯಿತು. ತುಂಬಾ ಸ್ವಲ್ಪವೇ. ರೈಲಿನಲ್ಲಿ ಪಕ್ಕದವರ ಮೈ ತಾಗಿದಾಗ ಆಗುವಷ್ಟು. ಅದು ಸುಗುಣಾಳ ಅಂಗೈಗೆ ತಿಳಿಯಿತು.

“ಈಗ ಬರಬಹುದಲ್ಲ ಮಗಾ? ಕೋಣೆ ಖಾಲಿ ಮಾಡಿ ಇಟ್ಟಿದ್ದೇನೆ. ಎಣ್ಣೆ ತರಿಸಿದ್ದೇನೆ. ನಾನೇ ಎಲ್ಲ ಮಾಡ್ತೇನೆ.”

ಅನಘಳ ಕಣ್ಣು ತುಂಬಿ ಬಂದಿತ್ತು. ಆದರೂ ಅವಳು ತಲೆಯಾಡಿಸಿದಳು. “ನನಗೆ ಅಭ್ಯಾಸ ಇಲ್ಲ ಅಮ್ಮ. ನೀನು ಮುಟ್ಟಿದ್ರೆ... ಹೊಸಬರು ಮುಟ್ಟಿದ ಹಾಗೆ ಆಗ್ತದೆ. ಚಂಪಾನೂ ಹೊಸಬರೇ. ಆದ್ರೆ ಅವರಿಂದ ನಾನು ಎಂತದ್ದೂ ಬಯಸುವುದಿಲ್ಲ. ಸುಮ್ನೆ ಮಲಗಬಹುದು. ನಿನ್ನ ಕೈಯಡಿ ನನಗೆ ಸುಮ್ನೆ ಮಲಗ್ಲಿಕ್ಕೆ ಆಗುವುದಿಲ್ಲ. ಅಳು ಬರ್ತದೆ.”

ಮಗಳು ಕೋಪಿಸಿಕೊಂಡಿದ್ದರೆ ಸಮಾಧಾನ ಮಾಡಬಹುದಿತ್ತು. ತಪ್ಪು ತಿಳಿದಿದ್ದರೆ ತಿದ್ದಬಹುದಿತ್ತು. ಇದು ಎರಡೂ ಅಲ್ಲ. ಮೂವತ್ತು ವರ್ಷ ಅವಳು ಮಗಳನ್ನು ಯಾವುದರಿಂದ ಕಾಪಾಡಿದೆನೆಂದು ನಂಬಿದ್ದಳೋ ಅದು ಬರಿಯ ಬೆವರಾಗಿತ್ತು. ಕೈ ಎತ್ತಿದರೆ ಮಗಳು ನೊಂದುಕೊಂಡಾಳು, ಇಟ್ಟರೆ ಅವಳು ಕಾಲು ಬಿಗಿಹಿಡಿದೇ ಇರಬೇಕು. ಸುಗುಣಾ ಸ್ವಲ್ಪ ಹೊತ್ತು ಇಟ್ಟು, ಆಮೇಲೆ ಹಗುರವಾಗಿ ತೆಗೆದಳು. ಕತ್ತರಿಸಿದ ತಂತಿಗಳ ಸುರುಳಿಯನ್ನು ಪೇಪರಿನಲ್ಲಿ ಸುತ್ತಿದಳು, ಕಸ ಹೆಕ್ಕುವವರ ಕೈಗೆ ಚುಚ್ಚಬಾರದೆಂದು. ಅನಘ ಹೊಸ ತಂತಿ ಬಿಗಿದು, ಕಿವಿ ಹತ್ತಿರ ತಂದು ಶ್ರುತಿ ಕೂಡಿಸುತ್ತಿದ್ದಳು. ಹೊಸ ತಂತಿಯ ದನಿ ಅಷ್ಟು ಚಿಕ್ಕ ಮನೆಗೆ ತುಸು ಜೋರಾಯಿತು.

ನವೆಂಬರಿನ ಕೊನೆಯಲ್ಲಿ ಅನಘಳಿಗೆ ಹೆಣ್ಣುಮಗು ಹುಟ್ಟಿತು. ತಾಯಿ ಮಗು ಆಸ್ಪತ್ರೆಯಿಂದ ಐರೋಲಿಗೆ ಬಂದ ಮೇಲೆ, ಮನೆಯ ಅಡುಗೆ ಮುಗಿಸಿ, ಡಬ್ಬಿಗಳನ್ನು ಹೊತ್ತುಕೊಂಡು ಸುಗುಣಾ ಹೊರಡುತ್ತಿದ್ದಳು. ಠಾಣೆಯಲ್ಲಿ ಇಳಿದು ವಾಶಿಯ ಗಾಡಿ ಹಿಡಿದರೆ ಖಾಡಿಯ ದಡದಲ್ಲಿ ಐರೋಲಿ. ಲೇಹ್ಯ ಅವಳೇ ಮಾಡಿದ್ದು, ಎಣ್ಣೆ ಅವಳೇ ತಂದದ್ದು. ಹರಿದು ಮಡಚಿದ ಸೀರೆಗಳನ್ನು ಚಂಪಾಳಿಗೆ ಒಪ್ಪಿಸಿದ್ದಳು. ಚಂಪಾ ವಿಜಯಪುರದ ಕಡೆಯವಳು, ಬಾಯಿ ಜೋರು. ಕಾಲು ನೀಡಿ, ಮಗುವನ್ನು ಮೊಣಕಾಲ ಕೆಳಗೆ ಬೋರಲು ಹಾಕಿಕೊಂಡು ನೀರೆರೆಯುವಾಗ ಮಾತು ನಿಲ್ಲಿಸುತ್ತಿರಲಿಲ್ಲ.

ಒಂದು ದಿನ ಅವಳು, “ಬರ್ರಿ ಅಜ್ಜಿ, ಇವತ್ತ ನೀವ ಎರೀರಿ. ನನ್ನ ನಡಾ ಹಿಡ್ದೈತಿ” ಎಂದಳು.

ಸುಗುಣಾ ಮಗಳ ಮುಖ ನೋಡಿದಳು. ಮಂಚದಲ್ಲಿ ಒರಗಿದ್ದ ಅನಘ ಬೇಡವೆನ್ನಲಿಲ್ಲ.

ಸುಗುಣಾ ಸೀರೆ ಮೇಲೆತ್ತಿ, ಕಾಲು ನೀಡಿ ಕೂತಳು. ಚಂಪಾ ಎಣ್ಣೆ ಹಚ್ಚಿದ ಮಗುವನ್ನು ಅವಳ ಕಣಕಾಲುಗಳ ನಡುವೆ ಇಟ್ಟಳು. ಮೆತ್ತಗೆ ಬೆಚ್ಚಗಿದ್ದ ಆ ಪುಟ್ಟ ಮೈಯನ್ನು ಸುಗುಣಾ ಎರಡೂ ಅಂಗೈಯಲ್ಲಿ ಹಿಡಿದಳು. ಅವಳಿಗೆ ಹೆದರಿಕೆಯಾಗಲಿಲ್ಲ. ಆಗಲಿಲ್ಲವೆಂಬುದೇ ಅವಳಿಗೆ ಆಶ್ಚರ್ಯ. ಆದರೆ ಹೇಗೆ ಹಿಡಿಯಬೇಕೆಂದು ತಿಳಿಯಲಿಲ್ಲ. ಕುತ್ತಿಗೆಗೆ ಯಾವ ಬೆರಳು, ಗಲ್ಲಕ್ಕೆ ಯಾವುದು? ನೋಡಿ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಮಗು ಜಾರಿತು. ಚಂಪಾ ಚಕ್ಕನೆ ಬಾಗಿ ಹಿಡಿದಳು. ಅನಘ ಮಂಚದಲ್ಲಿ ಅರ್ಧ ಎದ್ದಿದ್ದಳು.

“ಏನ್ರೀ ಯವ್ವಾ! ಮಗಳನ್ನ ಇಷ್ಟ ದೊಡ್ಡಾಕಿನ್ನ ಮಾಡೀರಿ, ಕೂಸಿಗೆ ಎರಿಯಾಕ ಬರಂಗಿಲ್ಲಾ?” ಎಂದು ಚಂಪಾ ನಕ್ಕಳು. ಅವಳ ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ.

“ಬರುವುದಿಲ್ಲ” ಎಂದಳು ಸುಗುಣಾ.

“ಚಂಪಾ ಮಾಡ್ಲಿ ಅಮ್ಮ” ಎಂದಳು ಅನಘ, ಮೆಲ್ಲಗೆ. ಮತ್ತೆ ಒರಗಿ, “ನೀನು ನೀರು ಹೊಯ್ಯಿ. ಅವರಿಗೆ ಒಂದೇ ಕೈಯಲ್ಲಿ ಕಷ್ಟ” ಎಂದಳು.

ಸುಗುಣಾ ಎದ್ದು ಜಾಗ ಬಿಟ್ಟುಕೊಟ್ಟಳು. ಚಂಪಾ ನಡ ನೋವನ್ನು ಬೈದುಕೊಳ್ಳುತ್ತ ಕೂತು ಮಗುವನ್ನು ಮೊಣಕಾಲಿಗೆ ಎಳೆದುಕೊಂಡಳು. ಸುಗುಣಾ ಚೆಂಬಿನಲ್ಲಿ ಹದನೀರು ತುಂಬಿ, ಬೆನ್ನಿನ ಮೇಲೆ ಸಣ್ಣ ಧಾರೆಯಾಗಿ ಬಿಟ್ಟಳು. “ಇನ್ನೂ ಸಣ್ಣಗ ರೀ... ಹಾಂ, ಹಂಗ” ಎಂದಳು ಚಂಪಾ. ಮಗು ಅಳಲಿಲ್ಲ. ಧಾರೆ ನಿಂತರೆ ಮಾತ್ರ ಮುಖ ಕಿವುಚುತ್ತಿತ್ತು. ಸುಗುಣಾ ನಿಲ್ಲಿಸದೆ ಹೊಯ್ದಳು, ಹಂಡೆಯ ನೀರು ಮುಗಿಯುವವರೆಗೂ.

ಟವೆಲಿನಲ್ಲಿ ಸುತ್ತಿದ ಮಗುವನ್ನು ಎದೆಗೆ ತೆಗೆದುಕೊಳ್ಳುತ್ತ ಅನಘ ಕೇಳಿದಳು. “ನಾಳೆಯೂ ಬರ್ತಿಯಲ್ಲ?”

“ಬರ್ತೇನೆ.”

“ಇದೇ ಹೊತ್ತಿಗೆ ಬಾ.”

ಸುಗುಣಾ “ಆಯ್ತು” ಎಂದಳು. ನೆಲದ ಮೇಲೆ ಹರಿದ ನೀರನ್ನು ಒರೆಸಲು ಬಟ್ಟೆ ಎಲ್ಲಿಟ್ಟಿದ್ದಾರೆ ಎಂದು ಚಂಪಾಳನ್ನು ಕೇಳಿದಳು. ಆ ಮನೆಯಲ್ಲಿ ಅದೂ ಅವಳಿಗೆ ಇನ್ನೂ ಗೊತ್ತಿರಲಿಲ್ಲ.